ನೀರುಗಂಟಿ ಅಪ್ಪನ ಜೊತೆ ಇಂಗ್ಲೆಂಡಿನ ನಾಲೆಯಲ್ಲಿ ಒಂದು ವಾರ

ನಮ್ಮಪ್ಪ ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯಲ್ಲಿ ಮೂವತ್ತು ವರ್ಷ ನೀರುಗಂಟಿಯಾಗಿದ್ದವರು, ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಕೆಲಸ. ಊರಿನ ಹಳಬರು ಇವತ್ತಿಗೂ ಅದನ್ನು ಇರ್ವಿನ್ ನಾಲೆ ಅಂತಲೇ ಕರೆಯುತ್ತಾರೆ. 2024ರ ಏಪ್ರಿಲ್‌ನಲ್ಲಿ ವೋಟು ಹಾಕಿ, ಮೇ ತಿಂಗಳಲ್ಲಿ ಅಪ್ಪ ಮೊದಲ ಸಲ ಲೀಡ್ಸ್‌ಗೆ ನಮ್ಮ ಮನೆಗೆ ಬಂದರು. ತಂಗಿಯ ಬಾಣಂತನ ಇತ್ತಾದ್ದರಿಂದ ಅವ್ವ ಮೈಸೂರಲ್ಲೇ ಉಳಿದಳು. ಹಿಂದಿನ ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತಳ ಹಿಡಿದಿತ್ತು. ನಾಲೆಗೆ ನೀರಿಲ್ಲದ ಬಯಲನ್ನು ನೋಡಿಕೊಂಡು ಬಂದ ಅಪ್ಪನ ಮುಖದಲ್ಲಿ ಗೆಲುವಿರಲಿಲ್ಲ.

ಮೊದಲ ಭಾನುವಾರ ಅವರನ್ನು ಟೆಂಪಲ್ ನ್ಯೂಸಮ್ ಬಂಗಲೆ ನೋಡಲು ಕರೆದುಕೊಂಡು ಹೋದೆವು. ಲೀಡ್ಸ್‌ನ ಅಂಚಿನಲ್ಲಿರುವ ಆ ದೊಡ್ಡ ಮನೆಯನ್ನು 1922ರಲ್ಲಿ ನಗರಸಭೆಗೆ ಮಾರಿದವರು ಎಡ್ವರ್ಡ್ ವುಡ್. ನಾಲ್ಕು ವರ್ಷದ ಮೇಲೆ ಲಾರ್ಡ್ ಇರ್ವಿನ್ ಅನ್ನೋ ಹೆಸರಲ್ಲಿ ವೈಸರಾಯ್ ಆಗಿ ಇಂಡಿಯಾಕ್ಕೆ ಬಂದದ್ದು ಅವರೇ. ನಮ್ಮ ನಾಲೆಗೆ ಇಟ್ಟದ್ದು ಅವರ ಹೆಸರು. ಇದನ್ನು ಹೇಳಿದಾಗ ಅಪ್ಪ ಆ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ಹಂಗಾರೆ ಇಲ್ಲೂ ನಾಲೆ ಐತೇನವ್ವ?" ಅಂದರು.

ಇದೆ. ಊರ ನಡುವೆಯೇ ಶುರುವಾಗುತ್ತದೆ. ಲೀಡ್ಸ್–ಲಿವರ್‌ಪೂಲ್ ನಾಲೆ, 127 ಮೈಲಿ ಉದ್ದ, 91 ಲಾಕ್. ಲಾಕ್ ಅಂದರೆ ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವ, ಕೆಳಕ್ಕೆ ಇಳಿಸುವ ನೀರಿನ ತೊಟ್ಟಿ. 1770ರಲ್ಲಿ ಕೆಲಸ ಹಿಡಿದು 1816ರಲ್ಲಿ ಮುಗಿಸಿದರು. ಮಗನಿಗೆ ಮೇ ಕೊನೆಯ ವಾರ ಸ್ಕೂಲ್ ರಜೆ ಇತ್ತು. ಆ ವಾರ ಒಂದು ದೋಣಿ ಬಾಡಿಗೆಗೆ ಹಿಡಿದು ನಾಲೆಯ ಮೇಲೆಯೇ ಇದ್ದುಬರೋಣ ಅಂತ ಅವತ್ತು ಕಾರಲ್ಲೇ ತೀರ್ಮಾನವಾಯಿತು.

ಇಲ್ಲಿನ ನಾಲೆಯ ದೋಣಿಗೆ ನ್ಯಾರೋಬೋಟ್ ಅನ್ನುತ್ತಾರೆ. ಅಗಲ ಆರು ಅಡಿ ಹತ್ತು ಇಂಚು ಮಾತ್ರ, ಉದ್ದಕ್ಕೆ ರೈಲು ಡಬ್ಬಿಯ ಹಾಗೆ. ಒಳಗೆ ಅಡುಗೆಮನೆ, ಮಲಗುವ ಕಟ್ಟೆ, ಸ್ನಾನದ ಮೂಲೆ, ಎಲ್ಲ ಒಂದರ ಹಿಂದೆ ಒಂದು. ಬೇರೆ ನಾಲೆಗಳಲ್ಲಿ 70 ಅಡಿಯ ದೋಣಿ ಓಡಾಡುತ್ತದೆ. ಈ ನಾಲೆಯಲ್ಲಿ ಸ್ಕಿಪ್ಟನ್ ಸುತ್ತಮುತ್ತ ಲಾಕ್‌ಗಳು ಇರುವುದೇ 62 ಅಡಿ. ಹಾಗಾಗಿ ನಾವು ಹಿಡಿದದ್ದು 57 ಅಡಿಯದ್ದು. ಓಡಿಸಲು ಲೈಸೆನ್ಸ್ ಬೇಡ. ವೇಗದ ಮಿತಿ ಗಂಟೆಗೆ 4 ಮೈಲಿ, ನಿಜವಾಗಿ ಸಾಗುವುದು 3 ಮೈಲಿ.

ಹೋಗುವವರು ಹಾಕಿಕೊಳ್ಳಬೇಕಾದ ಲೆಕ್ಕ ಸುಲಭ. ಎಷ್ಟು ಮೈಲಿ, ಎಷ್ಟು ಲಾಕ್, ಎರಡನ್ನೂ ಕೂಡಿಸಿ 3ರಿಂದ ಭಾಗಿಸಿದರೆ ಎಷ್ಟು ಗಂಟೆಯ ದಾರಿ ಅಂತ ಸಿಗುತ್ತದೆ. ಸ್ಕಿಪ್ಟನ್‌ನಿಂದ ಪಶ್ಚಿಮಕ್ಕೆ ಫೌಲ್‌ರಿಜ್ ಸುರಂಗ ದಾಟಿ ವಾಪಸ್, ಆಮೇಲೆ ಪೂರ್ವಕ್ಕೆ ಬಿಂಗ್ಲಿಯ ಐದು ಮೆಟ್ಟಿಲಿನ ಲಾಕ್‌ವರೆಗೆ ಹೋಗಿ ವಾಪಸ್. ಒಟ್ಟು 60 ಮೈಲಿಗೆ ಸ್ವಲ್ಪ ಮೇಲೆ, 30 ಲಾಕ್. ಅಂದರೆ ಮೂವತ್ತು ಚಿಲ್ಲರೆ ಗಂಟೆ. ದೋಣಿಗೆ ದಾರಿ ಬಿಡಲು ತಿರುಗುವ ಸೇತುವೆಗಳಿಗೆ ಇನ್ನೊಂದಿಷ್ಟು. ದಿನಕ್ಕೆ ಐದಾರು ಗಂಟೆ ಬರುತ್ತದೆ. ಇದಕ್ಕಿಂತ ಜಾಸ್ತಿ ತುರುಕಿದರೆ ರಜೆ ಕೂಲಿಯಾಗುತ್ತದೆ. ಅಷ್ಟು ದೂರ ಬಂದಿದ್ದೇವೆ ಅಂತ ಪೆನ್ನೈನ್ ಬೆಟ್ಟಸಾಲನ್ನೇ ಒಂದು ವಾರದಲ್ಲಿ ಸುತ್ತಿ ಬರಲು ಹೊರಡುವವರಿದ್ದಾರೆ. ವಯಸ್ಸಾದವರನ್ನು, ಮಕ್ಕಳನ್ನು ಕಟ್ಟಿಕೊಂಡು ಹೊರಟವರಿಗೆ ಅದು ಬೇಡ.

ಮೈಲಿ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ನೀರು. ಈ ಮಾತು ಅಪ್ಪನದು. ನಾನು ನಕ್ಷೆ ಹರಡಿಕೊಂಡು ಊರು ಹುಡುಕುತ್ತಿದ್ದರೆ ಅವರು ಕೇಳಿದ್ದು ಒಂದೇ: "ಇದ್ಕೆ ನೀರು ಎಲ್ಲಿಂದ ಬತ್ತದೆ?" ಇಂಗ್ಲೆಂಡಿನಲ್ಲಿ ವರ್ಷವಿಡೀ ಮಳೆ, ನಾಲೆಗೇನು ಕೊರತೆ ಅಂತ ನಾನೂ ತಿಳಿದಿದ್ದೆ. ಹಾಗಿಲ್ಲ. ಗುಡ್ಡದ ನೆತ್ತಿಯ ಭಾಗಕ್ಕೆ ಕೆರೆ ಕಟ್ಟಿಯೇ ನೀರು ಕೊಡಬೇಕು. ಪ್ರತಿ ದೋಣಿ ಏರುವಾಗಲೂ ಇಳಿಯುವಾಗಲೂ ಆ ನೀರು ಒಂದೊಂದು ಲಾಕ್ ಕೆಳಗೆ ಹೋಗುತ್ತದೆ. ನಾವು ಹೋಗಿ ಬಂದ ಮರುವರ್ಷ, 2025ರ ಬೇಸಿಗೆಯಲ್ಲಿ, ಕೆರೆಗಳು ಬತ್ತಿ ವಿಗನ್‌ನಿಂದ ಗಾರ್ಗ್ರೇವ್‌ವರೆಗಿನ ಲಾಕ್‌ಗಳಿಗೆ ಬೀಗ ಬಿತ್ತು. ಆ ಬೇಸಿಗೆಗೆ ದೋಣಿ ಗೊತ್ತು ಮಾಡಿದ್ದ ಎಷ್ಟೋ ಮಂದಿ ದಾರಿ ಬದಲಿಸಬೇಕಾಯಿತು. ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅಂತ ಒಂದು ಸಂಸ್ಥೆ 2012ರಿಂದ ಈ ನಾಲೆಗಳನ್ನು ನೋಡಿಕೊಳ್ಳುತ್ತಿದೆ. ಎಲ್ಲಿ ಮುಚ್ಚಿದೆ, ಎಲ್ಲಿ ರಿಪೇರಿ ಅಂತ ಅವರು ಪ್ರಕಟಿಸುತ್ತಾರೆ. ಹಣ ಕಟ್ಟುವ ಮುಂಚೆ ಒಂದು ಸಲ, ಹೊರಡುವ ಹಿಂದಿನ ದಿನ ಒಂದು ಸಲ ಅದನ್ನು ನೋಡಲೇಬೇಕು.

ಅಡುಗೆ ಸಾಮಾನಿನ ವಿಷಯ. ದೋಣಿಯಲ್ಲಿ ಗ್ಯಾಸ್ ಒಲೆ ಇರುತ್ತದೆ, ಕರೆಂಟು ಬ್ಯಾಟರಿಯದ್ದು. ಮಿಕ್ಸಿ ಓಡುವುದಿಲ್ಲ. ಹುಳಿಪುಡಿ, ಚಟ್ನಿಪುಡಿ ಮಾಡಿಕೊಂಡೆ, ಕುಟ್ಟಾಣಿ ಒಂದು ಎತ್ತಿಟ್ಟುಕೊಂಡೆ. ರಾಗಿಹಿಟ್ಟು ಐದು ಕೆ.ಜಿ. ಮುದ್ದೆ ತಿರುವುವ ಕೋಲನ್ನು ಅಪ್ಪ ಊರಿಂದಲೇ ತಂದಿದ್ದರು.

ಶನಿವಾರ

ಮಧ್ಯಾಹ್ನ ಮೂರಕ್ಕೆ ಸ್ಕಿಪ್ಟನ್. ದೋಣಿ ಒಪ್ಪಿಸುವಾಗ ಒಂದು ಗಂಟೆ ಪಾಠ ಹೇಳುತ್ತಾರೆ. ಚುಕ್ಕಾಣಿ ಹಿಡಿ ಎಡಕ್ಕೆ ತಳ್ಳಿದರೆ ದೋಣಿ ಮೂತಿ ಬಲಕ್ಕೆ ಹೋಗುತ್ತದೆ. ಬ್ರೇಕ್ ಇಲ್ಲ, ನಿಲ್ಲಿಸಲು ಹಿಂದಕ್ಕೆ ಓಡಿಸಬೇಕು. ಎದುರು ದೋಣಿ ಬಂದರೆ ಬಲಗಡೆ ಸರಿಯಬೇಕು; ಇಲ್ಲಿನ ರಸ್ತೆಯಲ್ಲಿ ಎಡ, ನೀರಲ್ಲಿ ಬಲ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಎಂಜಿನ್ ಉಸಿರಾಡುವಷ್ಟು ಮಾತ್ರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ನಮ್ಮ ಅಲೆಗೆ ಅವರ ಗೂಟ ಕಿತ್ತು ಬರುತ್ತದೆ. ದಿನಾ ಬೆಳಿಗ್ಗೆ ಪ್ರೊಪೆಲರ್‌ಗೆ ಕಳೆ, ಹಗ್ಗ ಸುತ್ತಿದೆಯಾ ಅಂತ ಮುಚ್ಚಳ ತೆಗೆದು ಕೈ ಹಾಕಿ ನೋಡಬೇಕು. ಕೈ ಹಾಕುವ ಮುಂಚೆ ಎಂಜಿನ್ ಆರಿಸಿ ಕೀಲಿ ಜೇಬಿಗೆ. ಈ ಒಂದು ಮಾತನ್ನು ಪಾಠ ಹೇಳಿದವರು ಮೂರು ಸಲ ಹೇಳಿದರು.

ಸ್ಕಿಪ್ಟನ್ ಕೋಟೆಯ ಹಿಂದೆ ಬಂಡೆಗೋಡೆಗೆ ಒತ್ತಿಕೊಂಡು ಒಂದು ಸಣ್ಣ ಕವಲು ನಾಲೆ ಹೋಗುತ್ತದೆ. ಕೋಟೆಯ ಒಡೆಯರಾಗಿದ್ದ ಥಾನೆಟ್ ಅರ್ಲ್ ತಮ್ಮ ಗಣಿಯ ಸುಣ್ಣದ ಕಲ್ಲು ಸಾಗಿಸಲು ಕಡಿಸಿದ್ದು. ಅಲ್ಲಿ ನಡೆದು ಹೋಗಿ ನೋಡಿ ಬಂದು, ಐದು ಗಂಟೆಗೆ ಹಗ್ಗ ಬಿಚ್ಚಿದೆವು. ಮೇ ಕೊನೆಗೆ ಇಲ್ಲಿ ರಾತ್ರಿ ಒಂಬತ್ತರ ತನಕ ಬೆಳಕು. ನಮ್ಮನೆಯವರು ಮೊದಲ ಮೈಲಿ ಎರಡು ಸಲ ದಡಕ್ಕೆ ತಾಗಿಸಿದರು. ಅಪ್ಪ ಪಕ್ಕದಲ್ಲಿ ನಿಂತು, "ಮೂತಿ ನೋಡ್ಬೇಡಿ ಅಳಿಯಂದ್ರೆ, ಮುಂದಿನ ತಿರುವು ನೋಡಿ" ಅಂದರು. ಎತ್ತಿನ ಗಾಡಿ ಹೊಡೆದವರ ಮಾತು. ಅಲ್ಲಿಂದಾಚೆ ದೋಣಿ ನೆಟ್ಟಗೆ ಹೋಯಿತು. ಗಾರ್ಗ್ರೇವ್ ಮುಂಚಿನ ಮೊದಲ ಲಾಕ್‌ನ ಕೆಳಗೆ ಗೂಟ ಹೊಡೆದು ಕಟ್ಟಿದೆವು. ಕುರಿಮರಿಗಳ ಅರಚಾಟದಲ್ಲೇ ನಿದ್ದೆ.

ಭಾನುವಾರ

12 ಲಾಕ್‌ಗಳ ದಿನ. ಲಾಕ್ ಅಂದರೆ ಏನು ಅಂತ ಮಂಡ್ಯದವರಿಗೆ ಎರಡು ಮಾತಲ್ಲಿ ಹೇಳಬಹುದು. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಆ ಬಾಗಿಲಿಗೆ, ಬಾಗಿಲ ಪಕ್ಕದ ನೆಲಕ್ಕೆ ತೂಬು. ಕೆಳಗಿನ ಬಾಗಿಲು ತೆಗೆದು ದೋಣಿ ಒಳಗೆ ಹೋಗಬೇಕು, ಬಾಗಿಲು ಹಾಕಬೇಕು, ಮೇಲಿನ ತೂಬು ಎತ್ತಬೇಕು. ನೀರು ತುಂಬಿದ ಹಾಗೆ ದೋಣಿ ಏರುತ್ತದೆ. ಎರಡು ಕಡೆ ಮಟ್ಟ ಒಂದಾಗುವವರೆಗೆ ಬಾಗಿಲು ಅಲ್ಲಾಡುವುದಿಲ್ಲ, ಒಂದಾದ ಮೇಲೆ ಬಾಗಿಲಿನ ಉದ್ದ ದಿಮ್ಮಿಗೆ ಬೆನ್ನು ಕೊಟ್ಟು ತಳ್ಳಿದರೆ ಮಗುವೂ ತೆಗೆಯಬಹುದು.

ದೋಣಿಯವರು ಈ ತೂಬಿಗೆ ಪ್ಯಾಡಲ್ ಅನ್ನುತ್ತಾರೆ, ಎತ್ತುವ ಎಲ್ ಆಕಾರದ ಹಿಡಿಗೆ ವಿಂಡ್‌ಲಾಸ್ ಅನ್ನುತ್ತಾರೆ. ಅಪ್ಪ ಆ ಹಿಡಿಯನ್ನು ಕೈಯಲ್ಲಿ ತೂಗಿ ನೋಡಿ, ಹಲ್ಲುಪಟ್ಟಿಗೆ ಸಿಕ್ಕಿಸಿ, ಪೂರ್ತಿ ಎತ್ತಲಿಲ್ಲ. ಕಾಲು ಭಾಗ ಎತ್ತಿ ನಿಂತರು. ದೋಣಿ ಹೇಗೆ ಎಳೆದಾಡುತ್ತದೆ ಅಂತ ನೋಡಿದರು. ಹಗ್ಗ ಸಡಿಲವಾಗಿಯೇ ಇದ್ದದ್ದು ಕಂಡ ಮೇಲೆ ಅರ್ಧ, ಆಮೇಲೆ ಪೂರ್ತಿ. "ಒಂದೇ ಏಟ್ಗೆ ಬುಟ್ರೆ ನೀರು ಒದೀತದೆ ಕಣವ್ವ." ಸ್ಕಿಪ್ಟನ್‌ನಲ್ಲಿ ಪಾಠ ಹೇಳಿದ ಹುಡುಗನೂ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದ. ಅಪ್ಪನಿಗೆ ಆ ಇಂಗ್ಲಿಷ್ ತಿಳಿದಿರಲಿಲ್ಲ, ಯಾರೂ ತಿಳಿಸಿ ಹೇಳಿರಲೂ ಇಲ್ಲ.

ಮಗ ಒಂದು ಲಾಕ್‌ನ ನೀರಿನ ಲೆಕ್ಕ ಮಾಡಿದ. ಉದ್ದ 62 ಅಡಿ, ಅಗಲ 14 ಅಡಿ, ಏರಿಕೆ ಹತ್ತಡಿ ಅಂತಿಟ್ಟುಕೊಂಡರೆ 8,680 ಘನ ಅಡಿ, ಎರಡು ಲಕ್ಷ ಲೀಟರಿಗೂ ಮೇಲೆ. ಲೀಟರ್ ಕೇಳಿ ಅಪ್ಪನಿಗೆ ಏನೂ ಅನ್ನಿಸಲಿಲ್ಲ. ಘನ ಅಡಿ ಕೇಳಿದ್ದೇ ತಡ, "ಒಂದು ಕ್ಯುಸೆಕ್ಕು ಎರಡೂವರೆ ಗಂಟೆ ಹರಿದಷ್ಟು" ಅಂದುಬಿಟ್ಟರು. ಕ್ಯುಸೆಕ್ಕು ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಮಗ ಫೋನ್ ತೆಗೆದು ನೋಡಿದ, ಹೆಚ್ಚುಕಮ್ಮಿ ಸರಿಯಾಗಿತ್ತು. ಅಷ್ಟು ನೀರು ನಾವು ನಾಲ್ಕು ಜನ ಒಂದು ಮೆಟ್ಟಿಲು ಹತ್ತಲು! ಅಪ್ಪ ಹಿಂದೆ ತಿರುಗಿ ನೋಡಿದರು. ಕಾಲು ಮೈಲಿ ಹಿಂದೆ ಇನ್ನೊಂದು ದೋಣಿ ಬರುತ್ತಿತ್ತು. "ತಡೀರಿ, ಅವ್ರೂ ಬರ್ಲಿ."

ಈ ನಾಲೆಯ ಲಾಕ್ 14 ಅಡಿ ಅಗಲವಾದ್ದರಿಂದ ಎರಡು ನ್ಯಾರೋಬೋಟ್ ಪಕ್ಕಪಕ್ಕ ನಿಲ್ಲುತ್ತವೆ. ನೀರು ಅಷ್ಟೇ, ದಾಟುವವರು ಎರಡು ಪಟ್ಟು. ಕಾಯುವುದು ಇಲ್ಲಿನ ಮರ್ಯಾದೆಯೂ ಹೌದು. ಹಿಂದಿನ ದೋಣಿಯಲ್ಲಿ ಇದ್ದದ್ದು ವಯಸ್ಸಾದ ಗಂಡ ಹೆಂಡತಿ, ವರ್ಷವಿಡೀ ದೋಣಿಯಲ್ಲೇ ವಾಸ. ಅವರೊಂದಿಗೆ ಜೋಡಿಯಾಗಿ ಗಾರ್ಗ್ರೇವ್‌ನ ಆರು ಲಾಕ್, ಆಮೇಲೆ ಬ್ಯಾಂಕ್ ನ್ಯೂಟನ್‌ನ ಆರು ಏರಿದೆವು. ಎರಡು ಊರಿನ ನಡುವೆ ನಾಲೆ ಕಲ್ಲಿನ ಸೇತುವೆಯ ಮೇಲೆ ಹತ್ತಿ ಏರ್ ನದಿಯನ್ನು ದಾಟುತ್ತದೆ. ದೋಣಿಯಲ್ಲಿ ನಿಂತು ಕೆಳಗೆ ಹರಿಯುವ ಹೊಳೆ ನೋಡುವುದು! ಅಪ್ಪ ಆ ಕಡೆ ಈ ಕಡೆ ಬಗ್ಗಿ, ಎಲ್ಲಾದರೂ ಸೋರುತ್ತಿದೆಯಾ ಅಂತ ಹುಡುಕಿದರು. ನಾಲೆಯ ತಳಕ್ಕೆ ಜೇಡಿಮಣ್ಣು ಹಾಕಿ, ನೀರು ಬೆರೆಸಿ ತುಳಿದು ತುಳಿದು ಗಟ್ಟಿ ಮಾಡಿರುತ್ತಾರೆ ಅಂತ ಜೊತೆಗಿದ್ದ ಮುದುಕರು ಹೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳುವ ಮುಂಚೆಯೇ ಅವರ ಕಾಲ ಸನ್ನೆ ನೋಡಿ ಅಪ್ಪನಿಗೆ ಅರ್ಥವಾಗಿತ್ತು. ನಮ್ಮ ಕೆರೆ ಏರಿಗೂ ಅದೇ ಮದ್ದು.

ಬ್ಯಾಂಕ್ ನ್ಯೂಟನ್ ಮೇಲೆ ನಾಲೆ ಗುಡ್ಡದ ಮಟ್ಟ ಹಿಡಿದು ಹಾವಿನ ಹಾಗೆ ಸುತ್ತುತ್ತದೆ. ದೂರದ ಗುಡ್ಡದ ಮೇಲಿನ ಒಂದು ಕಂಬ ಈಗ ಎಡಕ್ಕೆ, ಈಗ ಬಲಕ್ಕೆ, ಈಗ ಬೆನ್ನ ಹಿಂದೆ. ಸಂಜೆ ಈಸ್ಟ್ ಮಾರ್ಟನ್. ಅಲ್ಲಿ ಕಮಾನಿನೊಳಗೆ ಕಮಾನಿರುವ ಸೇತುವೆಯಿದೆ. ಮೇಲಿನ ರಸ್ತೆ ಎತ್ತರಿಸಿದಾಗ ಹಳೆ ಸೇತುವೆ ಕೆಡವದೆ ಅದರ ಮೇಲೆಯೇ ಇನ್ನೊಂದು ಕಟ್ಟಿದ್ದಾರೆ. ಅವತ್ತು ರಾತ್ರಿ ಹುರುಳಿಕಾಯಿ ಉಪ್ಸಾರು, ಮುದ್ದೆ. ಕಾರ ಕುಟ್ಟಿದ ಸದ್ದಿಗೆ ಪಕ್ಕದ ದೋಣಿಯ ಅಜ್ಜಿ ಬಂದು ಕುತೂಹಲದಿಂದ ನೋಡಿದರು. ಒಂದು ಬಟ್ಟಲು ಕೊಟ್ಟೆ, ಉಪ್ಸಾರಿನ ಕಟ್ಟು ಅಷ್ಟನ್ನೂ ಕುಡಿದರು.

ಸೋಮವಾರ

ಗ್ರೀನ್‌ಬರ್‌ಫೀಲ್ಡ್‌ನ ಮೂರು ಲಾಕ್ ಏರಿದರೆ ನಾಲೆಯ ನೆತ್ತಿ, ಸಮುದ್ರಮಟ್ಟದಿಂದ 487 ಅಡಿ. ಮೈಲಿಗಟ್ಟಲೆ ದೂರದ ವಿಂಟರ್‌ಬರ್ನ್ ಕೆರೆಯ ನೀರು ಕೊಳವೆಯಲ್ಲಿ ಬಂದು ಇಲ್ಲಿ ಬೀಳುತ್ತದೆ. ಇಲ್ಲಿನ ಲಾಕ್‌ಗಳು ಮೊದಲು ಮೆಟ್ಟಿಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅದರಲ್ಲಿ ನೀರು ಜಾಸ್ತಿ ಖರ್ಚಾಗುತ್ತದೆ ಅಂತ 1820ರಲ್ಲಿ ಬೇರೆ ಬೇರೆ ಮಾಡಿ ಹೊಸದಾಗಿ ಕಟ್ಟಿದರು. ಹಳೆಯ ದಾರಿಯ ಗುರುತು ಇನ್ನೂ ಪಕ್ಕದಲ್ಲಿ ಕಾಣುತ್ತದೆ, ನೀರಿಲ್ಲದ ಜಾಗದಲ್ಲಿ ಒಂದು ಸೇತುವೆ. ನಾಲೆ ಮುಗಿದು ನಾಲ್ಕೇ ವರ್ಷಕ್ಕೆ, ನೀರು ಉಳಿಸಬೇಕು ಅಂತ ಕಟ್ಟಿದ್ದನ್ನೇ ಒಡೆದು ಕಟ್ಟಿದ ಎಂಜಿನಿಯರುಗಳ ಬಗ್ಗೆ ಅಪ್ಪ ಬಹಳ ಹೊತ್ತು ಮಾತಾಡಿದರು. ನಮ್ಮ ಕಡೆ ಕೊನೆ ಭಾಗದ ರೈತನಿಗೆ ನೀರು ಮುಟ್ಟದ ಸಂಕಟ ಅವರ ಆಯುಷ್ಯದ ಸಂಕಟ. ಕಟ್ಟು ಪದ್ಧತಿಯಲ್ಲಿ ಸರದಿ ಬಂದಾಗ ನೀರು ಬಿಡುವುದು, ನಡುರಾತ್ರಿ ಯಾರೋ ತೂಬು ಎತ್ತಿದರೆ ಟಾರ್ಚ್ ಹಿಡಿದು ಏರಿ ಮೇಲೆ ಓಡುವುದು, ಬೈಸಿಕೊಳ್ಳುವುದು. ಚಿಕ್ಕವಳಿದ್ದಾಗ ನಾನು ನೋಡಿದ್ದು ಅದನ್ನೇ.

ಬಾರ್ನೋಲ್ಡ್ಸ್‌ವಿಕ್ ಪಕ್ಕದಲ್ಲಿ ಹಾಯುವಾಗ ಮಗನಿಗೆ ಖುಷಿ. ರೋಲ್ಸ್ ರಾಯ್ಸ್ ವಿಮಾನ ಎಂಜಿನ್ನುಗಳ ಹೆಸರಲ್ಲಿ ಬರುವ ಆರ್‌ಬಿ ಅಕ್ಷರಗಳಲ್ಲಿ ಬಿ ಅಂದರೆ ಈ ಊರು.

ಫೌಲ್‌ರಿಜ್ ಸುರಂಗದ ಬಾಯಲ್ಲಿ ಕೆಂಪು ದೀಪ. ಎರಡು ದೋಣಿ ಎದುರುಬದುರಾಗುವಷ್ಟು ಅಗಲವಿಲ್ಲ, ಹಸಿರು ಬರುವವರೆಗೆ ಕಾಯಬೇಕು. 1,640 ಗಜ ಉದ್ದ, 1796ರಲ್ಲಿ ತೆರೆದದ್ದು. ಒಳಗೆ ಕಾಲುದಾರಿ ಇಲ್ಲ. ದೋಣಿ ಎಳೆಯುವ ಕುದುರೆಯನ್ನು ಗುಡ್ಡದ ಮೇಲೆ ನಡೆಸಿಕೊಂಡು ಹೋಗಿ, ದೋಣಿಯಲ್ಲಿ ಅಂಗಾತ ಮಲಗಿದ ಆಳುಗಳು ಗೋಡೆಯನ್ನು ಕಾಲಲ್ಲಿ ಒದ್ದು ಒದ್ದು ಸಾಗಿಸುತ್ತಿದ್ದರಂತೆ. 1912ರಲ್ಲಿ ನಾಲೆಗೆ ಬಿದ್ದ ಒಂದು ಹಸು ಇಷ್ಟುದ್ದವನ್ನೂ ಈಜಿ ಆ ಕಡೆ ಎದ್ದಿತ್ತು. ಊರವರು ಬ್ರಾಂದಿ ಕುಡಿಸಿ ಚೇತರಿಸಿದರು. ಆ ಹಸುವಿನ ಕಥೆಯನ್ನು ಮಗ ತಾತನಿಗೆ ಎರಡು ಸಲ ಹೇಳಿದ.

ಒಳಗೆ ಹೋದಾಗ ಮಾತು ನಿಂತಿತು. ಮುಂದಿನ ದೀಪದ ಬೆಳಕಲ್ಲಿ ಕಲ್ಲಿನ ಬೆವರು, ಮೇಲಿಂದ ಹನಿ ಕತ್ತಿನ ಮೇಲೆ. ಆ ತುದಿಯ ಬೆಳಕು ಕಾಳಿನಷ್ಟು. ಅಪ್ಪ ಕತ್ತಲಲ್ಲಿ ಹುಲಿಕೆರೆ ಸುರಂಗದ ಕಥೆ ಶುರು ಮಾಡಿದರು. ನಮ್ಮ ನಾಲೆಯೂ ಹುಲಿಕೆರೆ ಹತ್ತಿರ ಗುಡ್ಡದೊಳಗೆ ಹೊಕ್ಕು ಆಚೆ ಬರುತ್ತದೆ. ನೀರು ನಿಲ್ಲಿಸಿದ ಒಂದು ಬೇಸಿಗೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಿರಿಯರ ಜೊತೆ ಹೂಳು ನೋಡಲು ಒಳಗೆ ನಡೆದಿದ್ದರಂತೆ. "ಕಾಲಲ್ಲಿ ಜೀವ ಇರ್ನಿಲ್ಲ. ಮ್ಯಾಲೆ ನೀರು ಬುಟ್ಟಾರು ಅನ್ನೋ ಭಯ." ಇಷ್ಟು ವರ್ಷ ನನಗೆ ಅದನ್ನು ಹೇಳಿರಲಿಲ್ಲ. ಅರ್ಧ ಗಂಟೆಯ ಹತ್ತಿರ ಆ ಕತ್ತಲು.

ಬ್ಯಾರೋಫೋರ್ಡ್‌ನ ಮೇಲಿನ ಲಾಕ್ ಹತ್ತಿರ ದೋಣಿ ತಿರುಗಿಸಿ, ಮತ್ತೆ ಸುರಂಗ ದಾಟಿ, ಗ್ರೀನ್‌ಬರ್‌ಫೀಲ್ಡ್ ನೆತ್ತಿಗೆ ಬಂದು ಕಟ್ಟಿದಾಗ ಸಂಜೆ ಏಳು.

ಮಂಗಳವಾರ

ದಿನವಿಡೀ ಜಿನುಗು ಮಳೆ. ಇಳಿಯುವಾಗ ನೋಡಿಕೊಳ್ಳಬೇಕಾದ ಒಂದು ಅಪಾಯ ಹೇಳಿ ಮುಂದೆ ಹೋಗುತ್ತೇನೆ. ಮೇಲಿನ ಬಾಗಿಲ ಅಡಿಯಲ್ಲಿ ಲಾಕ್ ಒಳಕ್ಕೆ ಚಾಚಿದ ಕಲ್ಲಿನ ಹೊಸ್ತಿಲಿರುತ್ತದೆ. ನೀರು ತುಂಬಿದಾಗ ಕಾಣುವುದಿಲ್ಲ. ಅದರ ಗುರುತಿಗೆ ಗೋಡೆ ಮೇಲೆ ಬಿಳಿ ಗೆರೆ. ನೀರು ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಯ ಹಿಂದೆ ಉಳಿದರೆ, ಹಿಂದು ಹೊಸ್ತಿಲ ಮೇಲೆ ಸಿಕ್ಕಿಕೊಂಡು ಮುಂದು ಮುಳುಗುತ್ತದೆ. ದೋಣಿಗಳು ಹೀಗೆ ಮುಳುಗಿವೆ. ತೂಬಿನ ಹತ್ತಿರ ಇರುವವರು ಚುಕ್ಕಾಣಿಯವರ ಕೈ ಸನ್ನೆ ಬಿಟ್ಟು ಬೇರೆ ಏನನ್ನೂ ನೋಡಬಾರದು, ಫೋಟೋ ಅಂತೂ ಬೇಡವೇ ಬೇಡ.

12 ಲಾಕ್ ಇಳಿದು ಗಾರ್ಗ್ರೇವ್‌ನಲ್ಲಿ ಹೈಯರ್‌ಲ್ಯಾಂಡ್ ಲಾಕ್‌ನ ಮೇಲುಗಡೆ ಕಟ್ಟಿದೆವು. ಎಲ್ಲರ ಬಟ್ಟೆಯೂ ಒದ್ದೆ. ಎಂಟಕ್ಕೇ ಮಲಗಿದೆವು.

ಬುಧವಾರ

ಬೆಳಗಿನ ಐದು ಗಂಟೆ ಇರಬೇಕು. ಅಪ್ಪ ನನ್ನ ಪಾದ ಅಲ್ಲಾಡಿಸುತ್ತಿದ್ದರು. "ಎದ್ದೇಳವ್ವ, ನೀರು ಹೋಯ್ತಾ ಐತೆ." ಎದ್ದು ಕಾಲಿಟ್ಟರೆ ನೆಲ ಓರೆ. ಒಲೆ ಮೇಲಿನ ಪಾತ್ರೆ ಜಾರಿ ಮೂಲೆ ಸೇರಿತ್ತು. ಹೊರಗೆ ಬಂದು ನೋಡಿದರೆ ರಾತ್ರಿ ದಡದ ಅಂಚಿನ ತನಕ ಇದ್ದ ನೀರು ಮೊಣಕಾಲುದ್ದ ಇಳಿದು, ದೋಣಿಯ ಒಂದು ಬದಿ ಕೆಸರಿನ ಮೇಲೆ ಕೂತಿತ್ತು. ಕರಿ ಕೆಸರಲ್ಲಿ ಸಿಂಪಿ, ಒಂದು ಸೈಕಲ್ ಚಕ್ರ.

ಅಪ್ಪ ಮೊದಲು ಮಾಡಿದ ಕೆಲಸ ದಡಕ್ಕೆ ಬಿಗಿದಿದ್ದ ಹಗ್ಗ ಸಡಿಲಿಸಿದ್ದು. ಬಿಗಿ ಹಗ್ಗಕ್ಕೆ ದೋಣಿ ನೇತುಬಿದ್ದರೆ ಮಗುಚುತ್ತದೆ. ಆಮೇಲೆ ಪಂಚೆ ಎತ್ತಿಕಟ್ಟಿ ಕೆಳಗಿನ ಲಾಕ್ ಕಡೆ ನಡೆದರು. ನಾನು ಹಿಡಿ ತೆಗೆದುಕೊಂಡು ಹಿಂದೆ. ಅವರು ಬಾಗಿಲ ಮೇಲೆ ನಿಂತು ಕಣ್ಣಲ್ಲಿ ಹುಡುಕಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಲಾಕ್‌ನ ಸೋರಿಕೆ ಸದ್ದು ಎಲ್ಲ ಕಡೆ ಇರುತ್ತದೆ, ಹಳೆ ಬಾಗಿಲು ಅಂದಮೇಲೆ ಸೋರುತ್ತದೆ. ಆ ಸದ್ದಿನೊಳಗೆ ಇನ್ನೊಂದು ಸದ್ದು, ದಪ್ಪನೆಯದು, ಅವರಿಗೆ ಕೇಳಿತು. "ಆ ಕಡೆ ತೂಬು ಪೂರ್ತಿ ಕೂತಿಲ್ಲ." ಹೋಗಿ ನೋಡಿದರೆ ಕೆಳಬಾಗಿಲ ಒಂದು ತೂಬು ನಾಲ್ಕು ಬೆರಳು ಎತ್ತಿಯೇ ಉಳಿದಿತ್ತು. ಯಾರೋ ಸಂಜೆ ಮಳೆಯಲ್ಲಿ ಅವಸರಕ್ಕೆ ಪೂರ್ತಿ ಇಳಿಸದೆ ಹೋಗಿದ್ದಾರೆ. ಮೇಲಿನ ಬಾಗಿಲ ಸಂದಿಯಲ್ಲಿ ಲಾಕ್‌ಗೆ ಬಂದ ನೀರು ಇದರಲ್ಲಿ ಕೆಳಗೆ, ರಾತ್ರಿಯೆಲ್ಲ. ಇಳಿಸಿದೆವು. ದಪ್ಪ ಸದ್ದು ನಿಂತಿತು.

ಟ್ರಸ್ಟ್‌ನ ತುರ್ತು ನಂಬರಿಗೆ ಫೋನ್ ಮಾಡಿದೆ. ನಾವೇ ಮೇಲಿನಿಂದ ನೀರು ಬಿಟ್ಟರೆ ಮೇಲಿನ ಭಾಗ ಬತ್ತಬಹುದು, ಕಾಯಿರಿ ಅಂದರು. ಏಳೂವರೆ ಸುಮಾರಿಗೆ ಲಾಕ್ ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು ಬಂದರು. ಎತ್ತರದ ಮನುಷ್ಯ, ಅಪ್ಪನಷ್ಟೇ ವಯಸ್ಸು. ನಾನು ನಡೆದದ್ದು ಹೇಳಿ, ನಮ್ಮಪ್ಪ ಊರಲ್ಲಿ ಇದೇ ಕೆಲಸ ಮಾಡುತ್ತಿದ್ದರು ಅಂದೆ. ಅವರು ಏನೂ ಮಾತಾಡದೆ ತಮ್ಮ ಹಿಡಿಯನ್ನು ಅಪ್ಪನ ಕೈಗೆ ಕೊಟ್ಟು ಮೇಲಿನ ಲಾಕ್ ಕಡೆ ಕೈ ತೋರಿಸಿದರು. ಇಬ್ಬರೂ ಎರಡು ದಡದಲ್ಲಿ ನಿಂತು ಒಂದೊಂದು ತೂಬು ಸ್ವಲ್ಪ ಸ್ವಲ್ಪವೇ ಎತ್ತಿದರು. ಭಾಷೆ ಇಲ್ಲ. ಅವರು ಎರಡು ಬೆರಳು ತೋರಿಸಿದರೆ ಅಪ್ಪ ಎರಡು ಹಲ್ಲು ಎತ್ತುವರು. ಅಪ್ಪ ಅಂಗೈ ಚಪ್ಪಟೆ ಮಾಡಿ ತೋರಿಸಿದರೆ ಅವರು ನಿಲ್ಲಿಸುವರು. ಮುಕ್ಕಾಲು ಗಂಟೆಯಲ್ಲಿ ದೋಣಿ ಕೆಸರು ಬಿಟ್ಟು ಒಂದು ಸಲ ತೂಗಿ ನೆಟ್ಟಗಾಯಿತು. ಮಗ ಒಳಗಿಂದ, "ತಾತ, ಪಾತ್ರೆ ನೆಟ್ಟಗೆ ನಿಂತ್ಕೊಳ್ತು!" ಅಂತ ಕೂಗಿದ.

ಫಿಲ್ಟರ್ ಕಾಫಿ ಮಾಡಿ ಕೊಟ್ಟೆ. ಇಬ್ಬರೂ ಲಾಕ್‌ನ ದಿಮ್ಮಿಯ ಮೇಲೆ ಕೂತು ಕುಡಿದರು. ಅಪ್ಪ ಊರಿಂದ ಹೊರಟ ಮೇಲೆ ಅಷ್ಟು ಹಗುರಾಗಿ ಕೂತದ್ದನ್ನು ನಾನು ಅವತ್ತೇ ನೋಡಿದ್ದು.

ಸ್ಕಿಪ್ಟನ್ ತಲುಪಿದಾಗ ಬುಧವಾರದ ಸಂತೆ ಇನ್ನೂ ಇತ್ತು. ಸೊಪ್ಪು, ಬೀನ್ಸ್ ಕೊಂಡು, ಟ್ಯಾಂಕಿಗೆ ನೀರು ತುಂಬಿಸಿ, ಶೌಚದ ಡಬ್ಬ ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ ಪೂರ್ವಕ್ಕೆ ಹೊರಟೆವು. ನೀರಿನ ಟ್ಯಾಂಕು ಎರಡು ದಿನಕ್ಕೊಮ್ಮೆಯಾದರೂ ತುಂಬಿಸಿಕೊಳ್ಳುವುದು ಒಳ್ಳೆಯದು. ನಮ್ಮ ಅಡುಗೆಗೆ, ಪಾತ್ರೆಗೆ ನೀರು ಜಾಸ್ತಿ. ಬ್ರಾಡ್ಲಿ ಹತ್ತಿರ ನಾಲೆಯ ದಡದಲ್ಲಿ ಒಂದು ಸ್ಮಾರಕ. 1943ರಲ್ಲಿ ಇಲ್ಲಿ ವಿಮಾನ ಬಿದ್ದು ತೀರಿಕೊಂಡ ಪೋಲೆಂಡಿನ ವಾಯುಸೈನಿಕರದ್ದು. ದೇಶ ಬಿಟ್ಟು ಬಂದು ಇಲ್ಲಿ ಮಣ್ಣಾದವರು. ಅಪ್ಪ ಚಪ್ಪಲಿ ಬಿಟ್ಟು ನಿಂತರು. ರಾತ್ರಿ ಕಿಲ್ಡ್‌ವಿಕ್.

ಗುರುವಾರ

ಗಾರ್ಗ್ರೇವ್‌ನಿಂದ ಬಿಂಗ್ಲಿವರೆಗೆ ಹದಿನೇಳು ಮೈಲಿ ಒಂದೂ ಲಾಕ್ ಇಲ್ಲ, ಬದಲಿಗೆ ತಿರುಗುವ ಸೇತುವೆಗಳು. ಕೆಲವನ್ನು ಬೆನ್ನು ಕೊಟ್ಟು ತಳ್ಳಬೇಕು, ಕೆಲವಕ್ಕೆ ಕೀಲಿ ಹಾಕಿ ಗುಂಡಿ ಒತ್ತಿದರೆ ರಸ್ತೆಗೆ ಗೇಟು ಬಿದ್ದು ಸೇತುವೆ ತಾನೇ ಸರಿಯುತ್ತದೆ. ಕಾರುಗಳು ಸಾಲಾಗಿ ನಿಲ್ಲುತ್ತವೆ. ಇದು ಮಗನ ಕೆಲಸವಾಯಿತು, ನಮ್ಮನೆಯವರು ಪಕ್ಕದಲ್ಲಿ. ಸಿಲ್ಸ್‌ಡೆನ್, ರಿಡಲ್ಸ್‌ಡೆನ್ ದಾಟಿ ಮಧ್ಯಾಹ್ನ ಎರಡಕ್ಕೆ ಬಿಂಗ್ಲಿಯ ಮೇಲ್ತುದಿ.

ಈ ನಾಲೆಯಲ್ಲಿ ಮೊದಲು ನೀರು ಹರಿದದ್ದು ಸ್ಕಿಪ್ಟನ್–ಬಿಂಗ್ಲಿ ನಡುವೆಯೇ, 1773ರಲ್ಲಿ. ಮರುವರ್ಷ ಮಾರ್ಚಿನಲ್ಲಿ ಈ ಐದು ಮೆಟ್ಟಿಲು ತೆರೆದಾಗ ನೋಡಲು 30,000 ಜನ ನೆರೆದಿದ್ದರಂತೆ. ನಕ್ಷೆ ಹಾಕಿ ಕಟ್ಟಿಸಿದವರು ಹ್ಯಾಲಿಫ್ಯಾಕ್ಸ್‌ನ ಜಾನ್ ಲಾಂಗ್‌ಬಾಟಮ್. ಐದು ಲಾಕ್ ಒಂದಕ್ಕೊಂದು ಅಂಟಿಕೊಂಡಿವೆ, ಮೇಲಿನದರ ಕೆಳಬಾಗಿಲೇ ಕೆಳಗಿನದರ ಮೇಲುಬಾಗಿಲು. ಒಟ್ಟು 59 ಅಡಿ 2 ಇಂಚು ಏರಿಕೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಕಡಿದಾದ ಲಾಕ್ ಸಾಲಿಲ್ಲ. ಮೇಲೆ ನಿಂತು ನೋಡಿದರೆ ಏರ್ ಕಣಿವೆ, ಗಿರಣಿ ಚಿಮಣಿ, ಚರ್ಚು, ಎಲ್ಲ ಕಾಲ ಕೆಳಗೆ.

ದೋಣಿ ಇಳಿಸುವುದಿಲ್ಲ, ನೋಡುವುದು ಮಾತ್ರ ಅಂತ ಮೊದಲೇ ತೀರ್ಮಾನಿಸಿದ್ದೆವು. ಇಳಿದು ಮತ್ತೆ ಹತ್ತಲು ದಿನವೇ ಹೋಗುತ್ತದೆ. ಇಲ್ಲಿ ಲಾಕ್ ಕೀಪರ್ ಇಲ್ಲದೆ ಯಾರೂ ಹೋಗುವಂತಿಲ್ಲ. ಇಳಿಯುವ ದೋಣಿಗೆ ಮೇಲಿನದು ತುಂಬಿ ಕೆಳಗಿನ ನಾಲ್ಕೂ ಖಾಲಿ ಇರಬೇಕು, ಏರುವ ದೋಣಿಗೆ ಕೆಳಗಿನದು ಖಾಲಿ ಇದ್ದು ಮೇಲಿನ ನಾಲ್ಕೂ ತುಂಬಿರಬೇಕು. ತಪ್ಪಿದರೆ ನೀರು ದಡ ಮೀರುತ್ತದೆ, ಇಲ್ಲವೇ ದೋಣಿ ನೆಲ ಕಚ್ಚುತ್ತದೆ. ನಾನು ಫಲಕ ಓದಿ ಅಪ್ಪನಿಗೆ ವಿವರಿಸಲು ಹೊರಟೆ. ಅವರು ಅಷ್ಟರಲ್ಲಿ ಒಂದು ದೋಣಿ ಎರಡು ಮೆಟ್ಟಿಲು ಇಳಿದದ್ದು ನೋಡಿ, "ಗದ್ದೆ ಥರಾನೇ ಕಣವ್ವ. ಮ್ಯಾಲಿನ ಮಡಿ ತುಂಬಿ ಕೆಳ್ಗಿನ ಮಡಿಗೆ" ಅಂದಿದ್ದರು. ಮೂರು ಗಂಟೆ ಅಲ್ಲೇ ಹುಲ್ಲಿನ ಮೇಲೆ ಕೂತರು. ನಾವು ಮೂವರು ರೈಲಲ್ಲಿ ಒಂದು ನಿಲ್ದಾಣ ಹೋಗಿ ಸಾಲ್ಟೇರ್ ನೋಡಿಕೊಂಡು ಬಂದೆವು. ಟೈಟಸ್ ಸಾಲ್ಟ್ 1853ರಲ್ಲಿ ತೆರೆದ ಉಣ್ಣೆ ಗಿರಣಿ, ಕೆಲಸದವರಿಗೆಂದು ಕಟ್ಟಿಸಿದ ಊರು, ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಚೆನ್ನಾಗಿದೆ. ಆದರೆ ವಾಪಸ್ ಬಂದಾಗ ಅಪ್ಪ ಲಾಕ್ ಕೀಪರ್ ಪಕ್ಕ ನಿಂತು ದಿಮ್ಮಿ ತಳ್ಳುತ್ತಿದ್ದದ್ದನ್ನು ಕಂಡು, ಇಲ್ಲೇ ಇರಬೇಕಿತ್ತು ಅನ್ನಿಸಿತು.

ಶುಕ್ರವಾರ, ಶನಿವಾರ ಬೆಳಿಗ್ಗೆ

ಬಂದ ದಾರಿಯಲ್ಲೇ ಸ್ಕಿಪ್ಟನ್‌ಗೆ. ಬಿಸಿಲು. ಐದು ಮರಿ ಬೆನ್ನಿಗೆ ಹಾಕಿಕೊಂಡ ಹಂಸವೊಂದು ಅರ್ಧ ಮೈಲಿ ನಮ್ಮ ಮುಂದೆಯೇ ಬಂತು, ನಾವು ದಾಟಿ ಹೋಗಲಿಲ್ಲ. ಕೊನೆಯ ಎರಡು ಮೈಲಿ ಅಪ್ಪ ಚುಕ್ಕಾಣಿ ಹಿಡಿದರು. ರಾತ್ರಿ ಉಳಿದ ರಾಗಿಹಿಟ್ಟಿಗೆ ಈರುಳ್ಳಿ, ಸಂತೆಯ ಸೊಪ್ಪು ಹಾಕಿ ರೊಟ್ಟಿ ತಟ್ಟಿದೆ.

ಶನಿವಾರ ಒಂಬತ್ತಕ್ಕೆ ದೋಣಿ ಒಪ್ಪಿಸಬೇಕು. ಹಾಸಿಗೆ ಮಡಚಿ, ನೆಲ ಗುಡಿಸಿ, ಎರಡು ವಿಂಡ್‌ಲಾಸ್ ಹುಡುಕಿದರೆ ಒಂದೇ ಇತ್ತು. ಹೊರಗೆ ಬಂದು ನೋಡಿದೆ. ಅಪ್ಪ ದಡದಲ್ಲಿ ಕೂತು ಇನ್ನೊಂದರ ಜಿಗುಟು ಗ್ರೀಸನ್ನು ಹಳೆ ಟವೆಲ್ಲಿನಲ್ಲಿ ಒರೆಸುತ್ತಿದ್ದರು, ಹೆಗಲಿಗೆ ಒತ್ತಿಕೊಂಡ ಫೋನಲ್ಲಿ ಚಿಕ್ಕಪ್ಪ.

"ಮಳೆ ಬಂತೇನ್ಲಾ?... ಕೊಡಗಲ್ಲಿ?... ಹೂಂ... ಕಟ್ಟೇಲಿ ನೀರೆಷ್ಟೈತೆ ಈಗ?"